ನೀರು ನಿಂತಲ್ಲಿ ಜೆಸಿಬಿ ಇಳಿಸುವ ಮುನ್ನ: ಬಸಿಗಾಲುವೆಯ ದೋಷ ಹುಡುಕುವ ಬಗೆ

ನಮ್ಮ ಕಡೆ, ಅಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಹೊಲದಲ್ಲಿ ನೀರು ನಿಂತರೆ ಮೊದಲು ನೆನಪಾಗುವುದು ಜೆಸಿಬಿ. ಗಂಟೆ ಲೆಕ್ಕದ ಬಾಡಿಗೆಗೆ ಬರುತ್ತದೆ, ನೀರು ಕಂಡಲ್ಲೇ ಬಕೆಟ್ ಇಳಿಸುತ್ತದೆ, ಎರೆಮಣ್ಣನ್ನು ಎತ್ತಿ ದಡಕ್ಕೆ ಸುರಿದು ಸಂಜೆಗೆ ಹೊರಟು ಹೋಗುತ್ತದೆ. ಮರುವಾರ ಒಂದು ಮಳೆ ಬಂದರೆ ನೀರು ಮತ್ತೆ ಅಲ್ಲೇ ನಿಂತಿರುತ್ತದೆ. ಡಿಪ್ಲೊಮಾ ಮುಗಿಸಿ ಹನ್ನೊಂದು ವರ್ಷ ರಸ್ತೆ, ಮೋರಿ, ಚರಂಡಿಗಳ ಕೆಲಸದಲ್ಲಿ ಲೆವೆಲ್ ನೋಡಿ, ಈಗ ಆರು ಎಕರೆ ಭತ್ತ ನೋಡಿಕೊಂಡಿರುವ ನಾನು ಈ ನಾಟಕವನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಸಾರ್ವಜನಿಕ ಬಸಿಗಾಲುವೆಯಲ್ಲಿ, ಅಂದರೆ ಹೊಲಗಳ ಹೆಚ್ಚುವರಿ ನೀರನ್ನು ಹಳ್ಳಕ್ಕೆ ಒಯ್ಯುವ ಚರಂಡಿಯಲ್ಲಿ, ದೋಷ ಸಾಮಾನ್ಯವಾಗಿ ಕೆಳಗಡೆ ಇರುತ್ತದೆ, ಅದರ ನೋವು ಮೇಲಿನವನ ಹೊಲದಲ್ಲಿ ಕಾಣಿಸುತ್ತದೆ. ಇಷ್ಟನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಾಕಾನ ಹೊಲ ಮತ್ತು 27 ಸೆಂಟಿಮೀಟರ್

ನನ್ನ ಕಾಕಾನ ನಾಲ್ಕು ಎಕರೆ ಹೀಗೆಯೇ ಎರಡು ಹಂಗಾಮು ಕೆಟ್ಟಿತ್ತು. ಕಟಾವಿಗೆ ಬಂದ ಭತ್ತದ ಬುಡದಲ್ಲಿ ಮೀನಖಂಡದವರೆಗೆ ಕೆಸರು, ಕಟಾವು ಯಂತ್ರ ಇಳಿಯಲು ಬಾರದು. ಎರಡು ಸಲ ಜೆಸಿಬಿ ಕರೆಸಿ ಹೊಲದ ಪಕ್ಕದ ಬಸಿಗಾಲುವೆಯನ್ನು ಅಗೆಸಿದ್ದರು.

“ತಮ್ಮಾ, ಇನ್ನೂ ಎಷ್ಟು ಆಳ ಹೋಗಬೇಕು ಹೇಳು, ಮೂರನೆಯ ಸಲವೂ ಕರೆಸುತ್ತೇನೆ” ಎಂದರು.

“ಆಳದ ಮಾತು ಆಮೇಲೆ ಆಗಲಿ ಕಾಕಾ. ನೀರು ಎಲ್ಲಿಗೆ ಹೋಗಬೇಕೋ ಅಲ್ಲಿಯವರೆಗೆ ನಡೆದು ಬರೋಣ, ಬನ್ನಿ” ಎಂದೆ.

ಅವರ ಹೊಲದ ತೂಬಿನಿಂದ 240 ಮೀಟರ್ ಕೆಳಗೆ ಒಂದು ಬಂಡಿ ದಾರಿ ಬಸಿಗಾಲುವೆಯನ್ನು ದಾಟುತ್ತದೆ. ಕಟಾವು ಯಂತ್ರ ದಾಟಲೆಂದು ಯಾರೋ 300 ಮಿ.ಮೀ.ನ ಒಂದೇ ಒಂದು ಸಿಮೆಂಟ್ ಪೈಪು ಇಟ್ಟು ಮೇಲೆ ಗರಸು ತುಂಬಿದ್ದರು. ಲೆವೆಲ್ ಪೈಪು (ಎರಡು ಜಾಗದ ಮಟ್ಟ ಹೋಲಿಸುವ, ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು ನೋಡಿದರೆ, ಪೈಪಿನ ಒಳತಳ ಚರಂಡಿಯ ತಳಕ್ಕಿಂತ 27 ಸೆಂ.ಮೀ. ಮೇಲಿತ್ತು. ಇಟ್ಟವರಿಗೆ ತಳದ ಹೂಳನ್ನು ತೆಗೆದು ಇಡುವಷ್ಟು ಪುರುಸೊತ್ತು ಇರಲಿಲ್ಲ. ಹೂಳಿನ ಮೇಲೆಯೇ ಕೂರಿಸಿದ್ದರು.

27 ಸೆಂ.ಮೀ. ಎಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ ತಾನೇ ಎನ್ನಿಸಬಹುದು. ಆದರೆ ಆ ಬಸಿಗಾಲುವೆಯ ಇಳಿಜಾರು ಸಾವಿರಕ್ಕೆ ಒಂದು, ಅಂದರೆ 1000 ಮೀಟರ್ ಓಟಕ್ಕೆ 1 ಮೀಟರ್ ಇಳಿತ. ಹಾಗಿರುವಾಗ 27 ಸೆಂ.ಮೀ. ಎತ್ತರದ ತಡೆ 270 ಮೀಟರ್ ಹಿಂದಿನವರೆಗೆ ನೀರನ್ನು ನಿಲ್ಲಿಸುತ್ತದೆ. ಇದು ನೀರು ಹರಿಯದೆ ಸುಮ್ಮನೆ ನಿಂತಾಗಿನ ಲೆಕ್ಕ. ಪೈಪು ತುಂಬಿ ಹರಿಯಲು ಇನ್ನೂ 30 ಸೆಂ.ಮೀ. ಬೇಕು, ಸೇರಿ 57. ಚರಂಡಿಯ ಒಟ್ಟು ಆಳವೇ 60. ಅಂದಮೇಲೆ ಕಾಕಾನ ಹೊಲದ ನೀರು ಹೊರಗೆ ಬರಲು ಜಾಗವೆಲ್ಲಿದೆ? ಅವರ ಹೊಲದ ಪಕ್ಕ ಆಳ ಮಾಡಿದ್ದರಿಂದ ಆದದ್ದು ಇಷ್ಟೇ: ಅಲ್ಲೊಂದು ಹೊಂಡ ಬಿದ್ದು ಸೊಳ್ಳೆಗೆ ಮನೆಯಾಯಿತು.

ಮಟ್ಟಸ ನೆಲದಲ್ಲಿ ಬದುಕುವ ನಾವು ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಇಳಿಜಾರು ಎರಡು ಸಾವಿರಕ್ಕೆ ಒಂದಾದರೆ ಅದೇ 27 ಸೆಂ.ಮೀ. ತಡೆ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹಿಂದಕ್ಕೆ ಒತ್ತುತ್ತದೆ. ತಡೆ ಇಟ್ಟವನ ಮುಖವನ್ನು ನೀರು ನಿಂತವನು ನೋಡಿಯೇ ಇರುವುದಿಲ್ಲ.

ಮೊದಲು ಅದು ಯಾವ ನೀರು ಎಂದು ಕೇಳಿ

ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿತು. 227 ಕಿ.ಮೀ. ಉದ್ದದ ಎಡದಂಡೆ ಮುಖ್ಯ ಕಾಲುವೆಯನ್ನು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳನ್ನೇ ಮುಖ್ಯವಾಗಿ ಮನಸ್ಸಿನಲ್ಲಿಟ್ಟು ರೂಪಿಸಿದ್ದರು. ಮೇಲ್ಭಾಗದಲ್ಲಿ ನಾವೆಲ್ಲ ಭತ್ತ ಹಾಕಿದೆವು. ಪರಿಣಾಮವಾಗಿ ಕೊನೆಭಾಗದ ಮಾನ್ವಿ, ರಾಯಚೂರಿನ ಕಡೆಯ ರೈತ ನೀರಿಗೆ ಧರಣಿ ಕೂರುತ್ತಾನೆ, ಮೇಲಿನ ರೈತ ನೀರು ಹೊರಹಾಕಲು ಜೆಸಿಬಿ ಹುಡುಕುತ್ತಾನೆ. ಮಳೆನೀರು ಒಯ್ಯಬೇಕಾದ ಬಸಿಗಾಲುವೆಗೆ ಈಗ ವರ್ಷದ ಎಂಟೊಂಬತ್ತು ತಿಂಗಳು ಗದ್ದೆಯ ಹೆಚ್ಚುವರಿ ನೀರೂ ಬರುತ್ತದೆ. ಹೀಗಾಗಿ ನಿಂತ ನೀರಿನ ಮೂಲ ಗುರುತಿಸದೆ ಮುಂದೆ ಹೋಗಬೇಡಿ.

ಗುರುತಿಸುವುದು ಕಷ್ಟವಲ್ಲ. ಮಳೆ ಬಂದ ಎರಡು ಮೂರು ದಿನಕ್ಕೆ ಏರಿ, ಆಮೇಲೆ ಇಳಿದರೆ ಮಳೆನೀರು. ಮಳೆಯಿಲ್ಲದೆಯೂ ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ ಎಂಬಂತೆ ಆಡುತ್ತಿದ್ದರೆ ಮೇಲಿನವರು ರಾತ್ರಿ ತೂಬು ತೆರೆದಿಟ್ಟು ಮಲಗುತ್ತಿದ್ದಾರೆ ಎಂದರ್ಥ. ಇದಕ್ಕೆ ಮದ್ದು ಚರಂಡಿಯಲ್ಲಿಲ್ಲ, ನೀರು ಬಳಕೆದಾರರ ಸಂಘದ ಸಭೆಯಲ್ಲಿದೆ. ಬೇಸಿಗೆ ಬೆಳೆ ಮುಗಿದು ಕಾಲುವೆ ಬಂದ್ ಆಗಿ ಹದಿನೈದು ದಿನವಾದರೂ ಚರಂಡಿಯಲ್ಲಿ ಸಣ್ಣಗೆ ನೀರು ಹರಿಯುತ್ತಿದ್ದರೆ ಅದು ಅಂತರ್ಜಲದ ಬಸಿ ಅಥವಾ ಊರಿನ ಬಚ್ಚಲು ನೀರು. ಬಚ್ಚಲು ನೀರಿಗೆ ವಾಸನೆಯೇ ವಿಳಾಸ. ಬಸಿ ನೀರು ತಿಳಿಯಾಗಿರುತ್ತದೆ, ಅದು ಒಣಗಿದ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಉಳಿಯುತ್ತದೆ.

ನಿಂತ ನೀರೇ ನಿಮ್ಮ ಲೆವೆಲ್ ಯಂತ್ರ

ಈಗ ನಡಿಗೆ. ಬಸಿಗಾಲುವೆ ಹಳ್ಳಕ್ಕೆ ಸೇರುವ ಬಾಯಿಂದ ಹೊರಟು ಮೇಲಕ್ಕೆ ಬನ್ನಿ. ಮೇಲಿನಿಂದ ಕೆಳಕ್ಕೆ ಹೋದರೆ ಮೊದಲ ಕಸದ ಗುಡ್ಡೆ ಕಂಡಲ್ಲೇ “ಇದೇ ಕಾರಣ” ಎಂದು ಮನಸ್ಸು ನಿಂತುಬಿಡುತ್ತದೆ. ಕೈಯಲ್ಲಿ ಒಂದು ಟೇಪು, ಸೆಂಟಿಮೀಟರ್ ಗುರುತು ಹಾಕಿದ ಒಂದು ಕೋಲು, ಗೌಂಡಿಗಳ ಹತ್ತಿರ ಇರುವ ಇಪ್ಪತ್ತು ಮೀಟರಿನ ಲೆವೆಲ್ ಪೈಪು, ಬರೆದುಕೊಳ್ಳಲು ನೋಟ್‌ಬುಕ್ ಇದ್ದರೆ ಸಾಕು.

ಚರಂಡಿಯಲ್ಲಿ ನೀರು ಹರಿಯದೆ ನಿಂತಿದ್ದರೆ ನಿಮ್ಮ ಅದೃಷ್ಟ. ನಿಂತ ನೀರಿನ ಮೇಲ್ಮೈ ಎಲ್ಲ ಕಡೆ ಒಂದೇ ಮಟ್ಟದಲ್ಲಿರುತ್ತದೆ. ಹತ್ತತ್ತು ಮೀಟರಿಗೆ ಕೋಲು ಇಳಿಸಿ ನೀರಿನ ಆಳ ಬರೆಯುತ್ತಾ ಬಂದರೆ ತಳದ ಏರಿಳಿತವೇ ಕಾಗದದ ಮೇಲೆ ಮೂಡುತ್ತದೆ. ಆಳ ಕ್ರಮವಾಗಿ ಕೆಳಗಡೆಗೆ ಹೆಚ್ಚುತ್ತಾ ಹೋಗಬೇಕು. ನಡುವೆ 20, 24, 41, 38, 22 ಎಂದು ಬಂದರೆ 41ರ ಹತ್ತಿರ ಬಕೆಟ್ ಜಾಸ್ತಿ ಇಳಿದಿದೆ. ನಾವು ಇದಕ್ಕೆ ಹೊಟ್ಟೆ ಬಿದ್ದ ಚರಂಡಿ ಎನ್ನುತ್ತೇವೆ. ನಿಂತ ನೀರು ಕೆಳಗಡೆ ಥಟ್ಟನೆ ಎಲ್ಲಿ ಮುಗಿಯುತ್ತದೋ ಅಲ್ಲಿದೆ ತಡೆ. ಕೋಲಿನ ತುದಿಗೆ ಒಂದು ಅಗಲವಾದ ಹಲಗೆ ತುಂಡು ಹೊಡೆದುಕೊಳ್ಳಿ, ಇಲ್ಲದಿದ್ದರೆ ಅದು ಹೂಳಿನೊಳಗೆ ಇಳಿದು ಸುಳ್ಳು ಆಳ ಹೇಳುತ್ತದೆ. ಹಲಗೆಯಿಲ್ಲದ ಇನ್ನೊಂದು ಕೋಲನ್ನು ಗಟ್ಟಿ ತಳ ತಗಲುವವರೆಗೆ ಒತ್ತಿ ಎರಡರ ವ್ಯತ್ಯಾಸ ತೆಗೆದರೆ ಹೂಳಿನ ದಪ್ಪ ಸಿಕ್ಕಿತು.

ಒಣ ಚರಂಡಿಯಾದರೆ ಲೆವೆಲ್ ಪೈಪು ಬೇಕು. ನೀರು ತುಂಬುವಾಗ ಪೈಪನ್ನು ಬಕೆಟ್ಟಿನಿಂದ ಒಂದೇ ಸಮನೆ ಎಳೆದು ತುಂಬಿಸಿ. ನಡುವೆ ಬೆರಳ ತುದಿಯಷ್ಟು ಗಾಳಿಗುಳ್ಳೆ ಉಳಿದರೂ ಓದು ಕೆಟ್ಟಿತು. ಶುರು ಮಾಡುವ ಮುನ್ನ ಎರಡೂ ತುದಿಗಳನ್ನು ಪಕ್ಕಪಕ್ಕ ಹಿಡಿದು ನೀರು ಸಮ ನಿಲ್ಲುತ್ತದೆಯೇ ನೋಡಿ. ಹದಿನೈದು ಮೀಟರಿಗೊಂದು ಓದು ತೆಗೆಯುತ್ತಾ ಮೇಲಕ್ಕೆ ಹೋಗಿ, ಆಮೇಲೆ ಅದೇ ದಾರಿಯಲ್ಲಿ ವಾಪಸು ಬನ್ನಿ. ಹೊರಟ ಜಾಗಕ್ಕೆ ಬಂದಾಗ ಲೆಕ್ಕ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ತಪ್ಪಿದರೆ ಮತ್ತೆ ಮಾಡಬೇಕು. ಬೇಸರದ ಕೆಲಸ ನಿಜ. ಆದರೆ ಜೆಸಿಬಿಯ ಒಂದು ಗಂಟೆಯ ಬಾಡಿಗೆಗಿಂತ ಅಗ್ಗ.

ಮೋರಿಯ ಎರಡು ಬದಿ

ನೀರು ಹರಿಯುತ್ತಿರುವಾಗ ಮಾಡಬೇಕಾದ ಪರೀಕ್ಷೆ ಬೇರೆ. ಮಳೆ ನಿಂತ ಮರುದಿನ ಬೆಳಿಗ್ಗೆ ಪ್ರತಿ ಮೋರಿಯ, ಅಂದರೆ ದಾರಿಯಡಿ ನೀರು ದಾಟುವ ಜಾಗದ, ಬಳಿ ನಿಂತು, ಮೇಲ್ಬದಿಯ ನೀರಿನ ಮಟ್ಟಕ್ಕೂ ಕೆಳಬದಿಯ ಮಟ್ಟಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಅಳೆಯಿರಿ. ಮೋರಿಯ ಗೋಡೆಯ ಮೇಲ್ತುದಿಯಿಂದ ಎರಡೂ ಕಡೆ ಟೇಪು ಇಳಿಬಿಟ್ಟರೆ ಆಯಿತು. ಗೋಡೆ ಸಮವಾಗಿದೆಯೇ ಎಂದು ಮೊದಲು ಪೈಪಿನಲ್ಲಿ ನೋಡಿಕೊಂಡಿರಿ. ಮೇಲ್ಬದಿಯಲ್ಲಿ 15 ಸೆಂ.ಮೀ.ಗಿಂತ ಹೆಚ್ಚು ಎತ್ತರ ನಿಂತಿದ್ದರೆ ಆ ಮೋರಿಯೇ ಕಳ್ಳ: ಪೈಪು ಚಿಕ್ಕದು, ಅಥವಾ ಒಳಗೆ ಕಸ, ಅಥವಾ ಎತ್ತರಕ್ಕೆ ಕೂತಿದೆ. ಎರಡೂ ಬದಿ ಹೆಚ್ಚುಕಡಿಮೆ ಸಮವಾಗಿದ್ದು ಎರಡೂ ತುಂಬಿದ್ದರೆ ಆ ಮೋರಿ ನಿರಪರಾಧಿ, ಇನ್ನೂ ಕೆಳಗೆ ಹೋಗಿ. ನಾನು ಕಂಡಂತೆ, ಜನ ಎರಡೂ ಬದಿ ತುಂಬಿದ ಮೋರಿಯನ್ನೇ ಒಡೆದು ದೊಡ್ಡದು ಕಟ್ಟಿಸುತ್ತಾರೆ. ಖರ್ಚೂ ಆಯಿತು, ನೀರೂ ನಿಂತಿತು.

ಪೈಪಿನ ಅಳತೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. 600 ಮಿ.ಮೀ. ಪೈಪು ದುಬಾರಿ, 300ರದು ಎರಡು ಇಟ್ಟರೆ ಅಷ್ಟೇ ಆಯಿತಲ್ಲ ಎನ್ನುತ್ತಾರೆ. ಆಗುವುದಿಲ್ಲ. ಅಡ್ಡಳತೆ ಎರಡು ಪಟ್ಟಾದರೆ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಗೋಡೆಯ ಉಜ್ಜುವಿಕೆ ಕಡಿಮೆಯಾಗುವುದರಿಂದ ಒಯ್ಯುವ ನೀರು ಆರು ಪಟ್ಟಿಗೂ ಹೆಚ್ಚು. ಸಾವಿರಕ್ಕೆ ಒಂದು ಇಳಿಜಾರಿನಲ್ಲಿ ತುಂಬಿ ಹರಿಯುವ 300 ಮಿ.ಮೀ. ಪೈಪು ಸೆಕೆಂಡಿಗೆ ಸುಮಾರು 30 ಲೀಟರ್ ಒಯ್ದರೆ 600 ಮಿ.ಮೀ. ಪೈಪು ಸುಮಾರು 194 ಲೀಟರ್ ಒಯ್ಯುತ್ತದೆ. ಸಣ್ಣ ಪೈಪಿಗೆ ಇನ್ನೂ ಒಂದು ರೋಗ: ಒಂದು ಗೊಬ್ಬರದ ಚೀಲ ಬಂದು ಬಾಯಿಗೆ ಅಂಟಿದರೆ ಮುಗಿಯಿತು.

ಹೊಸದಾಗಿ ಕೂರಿಸುವಾಗ ಪೈಪಿನ ಒಳತಳ ಚರಂಡಿಯ ಮೂಲ ತಳದ ಮಟ್ಟಕ್ಕೇ ಇರಲಿ, ಹೂಳಿನ ಮಟ್ಟಕ್ಕಲ್ಲ. ಎರಡೂ ತುದಿಗೆ ಕಲ್ಲಿನ ಗೋಡೆ ಬೇಕು. ಇಲ್ಲದಿದ್ದರೆ ಪೈಪಿನ ಹೊರಮೈ ಗುಂಟ ನೀರು ದಾರಿ ಮಾಡಿಕೊಂಡು ಎರಡು ಮಳೆಗಾಲದಲ್ಲಿ ಮೇಲಿನ ದಾರಿ ಕುಸಿಯುತ್ತದೆ.

ಅಗಲ ಸಾಲದು ಎಂಬ ದೂರು

ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡಬೇಕು, ಏಕೆಂದರೆ ಅರ್ಜಿಗಳಲ್ಲೆಲ್ಲ “ಚರಂಡಿ ಅಗಲೀಕರಣ” ಎಂದೇ ಬರೆಯುತ್ತಾರೆ.

ಮೇಲ್ಮೈ ಬಸಿಗಾಲುವೆಗಳ ವಿನ್ಯಾಸಕ್ಕೆ ಭಾರತೀಯ ಮಾನಕ 8835 ಎಂಬ ಮಾರ್ಗಸೂಚಿ ಇದೆ. ಐದು ವರ್ಷಕ್ಕೊಮ್ಮೆ ಬರಬಹುದಾದಂಥ ಮೂರು ದಿನದ ಮಳೆಯನ್ನು ಹಿಡಿದು, ಬೆಳೆ ಎಷ್ಟು ದಿನ ನೀರು ತಡೆಯುತ್ತದೆ ಎಂಬುದರ ಮೇಲೆ ಹೊರಹಾಕುವ ಅವಧಿಯನ್ನು ಅದು ಹೇಳುತ್ತದೆ: ಭತ್ತಕ್ಕೆ 7ರಿಂದ 10 ದಿನ, ಹತ್ತಿ ಮತ್ತು ಮೆಕ್ಕೆಜೋಳಕ್ಕೆ 3 ದಿನ, ತರಕಾರಿಗೆ 1 ದಿನ. ಒಂದು ಬಸಿಗಾಲುವೆಗೆ ನೂರು ಎಕರೆ, ಅಂದರೆ ಸುಮಾರು 40 ಹೆಕ್ಟೇರ್ ಹೊಲದ ನೀರು ಬರುತ್ತದೆ ಎಂದುಕೊಳ್ಳಿ. ಮೂರು ದಿನದಲ್ಲಿ 150 ಮಿ.ಮೀ. ಮಳೆ, ಅದರಲ್ಲಿ ಅರ್ಧ ನೆಲಕ್ಕೆ, ಅರ್ಧ ಚರಂಡಿಗೆ. ಅಂದರೆ 30,000 ಘನ ಮೀಟರ್ ನೀರು. ಅದನ್ನು ಮೂರು ದಿನದಲ್ಲಿ ಸಾಗಿಸಲು ಸೆಕೆಂಡಿಗೆ 116 ಲೀಟರ್ ಹರಿವು ಬೇಕು. ಏಳು ದಿನ ಕಾಯಬಲ್ಲ ಭತ್ತಕ್ಕಾದರೆ 50 ಲೀಟರ್ ಸಾಕು.

ಈಗ ಚರಂಡಿಯ ಕಡೆ ನೋಡಿ. ತಳ 60 ಸೆಂ.ಮೀ., ಆಳ 60 ಸೆಂ.ಮೀ., ದಡ ಒಂದು ಇಳಿತಕ್ಕೆ ಒಂದೂವರೆ ಅಗಲದ ಓರೆ, ಇಳಿಜಾರು ಸಾವಿರಕ್ಕೆ ಒಂದು. ಸ್ವಚ್ಛವಾಗಿದ್ದರೆ ಹರಿವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದ ಪ್ರಕಾರ ಇದು ಸೆಕೆಂಡಿಗೆ ಸುಮಾರು 540 ಲೀಟರ್ ಒಯ್ಯುತ್ತದೆ. ಬೇಕಾದದ್ದು 116, ಇರುವುದು 540. ಅಗಲ ಮಾಡಿ ಏನು ಸಾಧಿಸುತ್ತೀರಿ? ಕಾಕಾನ ಚರಂಡಿಯ 300 ಮಿ.ಮೀ. ಪೈಪು ಒಯ್ಯುತ್ತಿದ್ದುದು 30. ಮೇಲೆ ನೀರು ಒತ್ತಿ ನಿಂತಾಗ ಇನ್ನಷ್ಟು ನುಗ್ಗುತ್ತದೆ, ಆದರೆ ಆ ಒತ್ತಿ ನಿಲ್ಲುವ ನೀರೇ ನಮ್ಮ ತಕರಾರು. ಅಲ್ಲಿ 600ರ ಒಂದು ಪೈಪು ತಳಮಟ್ಟಕ್ಕೆ ಇಟ್ಟೆವು. ಜೆಸಿಬಿಯ ಕೆಲಸ ಒಂದೂವರೆ ಗಂಟೆ.

ಹುಲ್ಲು ಮತ್ತು ಹೂಳು

ಯಾವುದು ಹೆಚ್ಚು ಕೆಟ್ಟದ್ದು? ಎಲ್ಲರೂ ಹೂಳು ಎನ್ನುತ್ತಾರೆ. ಮೇಲಿನ ಅದೇ ಚರಂಡಿಯ ತಳದಲ್ಲಿ 20 ಸೆಂ.ಮೀ. ಹೂಳು ತುಂಬಿದರೆ 540 ಲೀಟರ್ 380ಕ್ಕೆ ಇಳಿಯುತ್ತದೆ. ಹೂಳಿಲ್ಲದೆ ಹುಲ್ಲು ಮಾತ್ರ ಬೆಳೆದರೆ 270ಕ್ಕೆ, ಅಂದರೆ ಅರ್ಧಕ್ಕೆ. ಆಪು, ಅಂದರೆ ನೀರಿನ ಜೊಂಡು, ದಟ್ಟವಾಗಿ ಎದ್ದರೆ 170ರ ಆಸುಪಾಸು. ಹುಲ್ಲು ನೀರಿನ ವೇಗ ತಗ್ಗಿಸುತ್ತದೆ, ತಗ್ಗಿದ ವೇಗದಲ್ಲಿ ಹೂಳು ಕೂರುತ್ತದೆ, ಹೂಳಿನ ಮೇಲೆ ಇನ್ನಷ್ಟು ಹುಲ್ಲು. ಹೂಳನ್ನು ಕರೆತರುವ ನೆಂಟ ಹುಲ್ಲೇ.

ವೇಗ ನೋಡಲು ಸುಲಭದ ದಾರಿ: ನೇರವಾದ ಒಂದು ಭಾಗದಲ್ಲಿ ಹತ್ತು ಮೀಟರ್ ಅಳೆದು ಎರಡು ಗೂಟ ನೆಟ್ಟು, ಒಣ ಜೋಳದ ದಂಟಿನ ತುಂಡು ತೇಲಿಬಿಡಿ. ತುಂಬಿದ ಸ್ವಚ್ಛ ಚರಂಡಿಯಲ್ಲಿ ಅದು 13 ಸೆಕೆಂಡಿನಲ್ಲಿ ದಾಟಬೇಕು. 27 ಸೆಕೆಂಡ್ ತೆಗೆದುಕೊಂಡರೆ ನಿಮ್ಮ ಚರಂಡಿ ಅರ್ಧ ಸತ್ತಿದೆ. ಮೇಲ್ಮೈಯ ನೀರು ಒಳಗಿನದಕ್ಕಿಂತ ವೇಗವಾಗಿ ಓಡುವುದರಿಂದ ದಂಟಿನ ವೇಗವನ್ನು 0.8ರಿಂದ ಗುಣಿಸಿ ಸರಾಸರಿ ತೆಗೆಯುತ್ತಾರೆ.

ಆಪನ್ನು ಬೇಸಿಗೆಯಲ್ಲಿ ನೆಲಮಟ್ಟಕ್ಕೆ ಕತ್ತರಿಸಿ ಬಿಟ್ಟರೆ ಜುಲೈನಲ್ಲಿ ಮತ್ತೆ ನಗುತ್ತಾ ಏಳುತ್ತದೆ. ನೀರಿದ್ದಾಗಲೇ ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಬೇಕು. ಕತ್ತರಿಸಿದ ದಂಟಿನ ಟೊಳ್ಳಿನಿಂದ ಬೇರಿಗೆ ಗಾಳಿ ಸಿಗದೆ ಗೆಡ್ಡೆ ಕೊಳೆಯುತ್ತದೆ. ಹಂಗಾಮಿನಲ್ಲಿ ಎರಡು ಮೂರು ಸಲ ಹೀಗೆ ಮಾಡಿದರೆ ದಟ್ಟಣೆ ಒಡೆಯುತ್ತದೆ. ಕಳೆನಾಶಕ ಸಿಂಪಡಿಸುವವರಿದ್ದಾರೆ. ಆ ನೀರನ್ನು ಕೆಳಗಿನ ಕ್ಯಾಂಪಿನ ಎಮ್ಮೆಗಳು ಕುಡಿಯುತ್ತವೆ, ಅದರ ಕೆಳಗಿನವನು ಪಂಪ್ ಇಟ್ಟು ಗದ್ದೆಗೆ ಎತ್ತುತ್ತಾನೆ, ಬೇಡ. ದಡದ ಮೇಲಿನ ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳಿಸಿ. ಅದರ ಕೊಂಬೆಗಳು ಚರಂಡಿಗೆ ಬಾಗಿ ಪ್ಲಾಸ್ಟಿಕ್ ಹಿಡಿಯುವ ಬಲೆಯಾಗುತ್ತವೆ. ಇದ್ದಿಲಿಗೆ ಒಯ್ಯುವವರು ಕೊಂಬೆ ಕಡಿದು ಬುಡ ಬಿಟ್ಟು ಹೋಗುತ್ತಾರೆ, ಬುಡ ಮುಂದಿನ ವರ್ಷ ನಾಲ್ಕಾಗಿ ಚಿಗುರುತ್ತದೆ. ನಮ್ಮ ಜಿಲ್ಲೆಗಳ ಪಾಲಿಗೆ ಬಂದ ಹೆಸರೂ ಎಂಥದ್ದು ನೋಡಿ.

ಚರಂಡಿ ಖಾಲಿ, ಹೊಲ ತುಂಬ

ಈ ದೋಷ ನೋಡಿದರೆ ನಗು ಬರುತ್ತದೆ, ಹೊಲದವನಿಗೆ ಅಳು. ಚರಂಡಿಯಲ್ಲಿ ಒಂದು ಗೇಣು ನೀರೂ ಇಲ್ಲ, ಪಕ್ಕದ ಹೊಲ ಕೆರೆ. ಕಾರಣ ಹುಡುಕಲು ಉಪಕರಣ ಬೇಕಿಲ್ಲ, ದಡದ ಮೇಲೆ ನಿಂತು ನೋಡಿ. ಹೂಳೆತ್ತಿದ ಮಣ್ಣನ್ನು ಉದ್ದಕ್ಕೂ ಒಡ್ಡಿನಂತೆ ಸುರಿದಿರುತ್ತಾರೆ, ಹೊಲದ ನೀರು ಚರಂಡಿಗೆ ಬರುತ್ತಿದ್ದ ತೂಬುಗಳೆಲ್ಲ ಅದರಡಿ ಹೂತಿರುತ್ತವೆ. ಮಣ್ಣು ಸುರಿಯುವ ಮುನ್ನವೇ ಪ್ರತಿ ತೂಬಿಗೂ ಒಂದು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿಸಿ, ಆ ಜಾಗ ಬಿಟ್ಟು ಸುರಿಯಿರಿ ಎಂದು ಆಪರೇಟರನಿಗೆ ಹೇಳಿ. ಮಣ್ಣಿನ ಗುಡ್ಡೆಗೂ ಚರಂಡಿಯ ಅಂಚಿಗೂ ನಡುವೆ ಕನಿಷ್ಠ ಒಂದು ಮೀಟರ್ ಖಾಲಿ ಇರಲಿ. ಅಂಚಿನಲ್ಲೇ ಸುರಿದ ಮಣ್ಣು ಮೊದಲ ದೊಡ್ಡ ಮಳೆಗೆ ಮನೆಗೆ ಮರಳುತ್ತದೆ.

ದಡ ಕುಸಿಯುವುದೂ ಇದರ ಅಣ್ಣತಮ್ಮನೇ. ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮಳೆಗೆ ಆ ಬಿರುಕಿನೊಳಗೆ ನೀರು ಇಳಿದು, ಮಣ್ಣು ಉಬ್ಬಿ, ಹೆಂಟೆಹೆಂಟೆಯಾಗಿ ಚರಂಡಿಗೆ ಜಾರುತ್ತದೆ. ಜೆಸಿಬಿ ಬಕೆಟ್ ನೆಟ್ಟಗೆ ಇಳಿದರೆ ದಡವೂ ನೆಟ್ಟಗೇ ನಿಲ್ಲುತ್ತದೆ, ನೋಡಲು ಅಚ್ಚುಕಟ್ಟು, ಬಾಳಿಕೆ ಒಂದು ಮಳೆಗಾಲ. ಎರೆಯಲ್ಲಿ ಒಂದು ಆಳಕ್ಕೆ ಒಂದೂವರೆಯಿಂದ ಎರಡು ಅಗಲದ ಓರೆ ಇರಲೇಬೇಕು. ಕುಸಿದ ಜಾಗ ಬಿಡಿಬಿಡಿಯಾಗಿದ್ದು ಅಲ್ಲಲ್ಲಿ ರಂಧ್ರ ಕಂಡರೆ ಹೆಗ್ಗಣ ಅಥವಾ ಏಡಿಯನ್ನು ಸಂಶಯಿಸಿ. ಗದ್ದೆ ಬದುವಿನ ಏಡಿ ಬಿಲ ಚರಂಡಿಯ ದಡದವರೆಗೆ ಬಂದು ರಾತ್ರಿಯೆಲ್ಲ ನೀರು ಸೋರಿಸುತ್ತದೆ. ಬಾಯಿ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ, ಅಗೆದು ಮಣ್ಣು ತುಳಿದು ತುಂಬಬೇಕು.

ಹಳ್ಳಕ್ಕೆ ಸೇರುವ ಬಾಯಿ

ಬಾಯಿಯಲ್ಲಿ ಎರಡು ಬಗೆಯ ರೋಗ, ಒಂದಕ್ಕೊಂದು ವಿರುದ್ಧ. ಹಳ್ಳದ ಮಟ್ಟ ಚರಂಡಿಯ ಮಟ್ಟಕ್ಕಿಂತ ಮೇಲೆ ಬಂದರೆ ನೀರು ಹಿಂದಕ್ಕೆ ನುಗ್ಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯಲ್ಲಿ ಈ ಭಾಗದಲ್ಲೆಲ್ಲ ಆದದ್ದು ಅದೇ. ಅಂಥ ನೆರೆಗೆ ಯಾವ ಚರಂಡಿಯೂ ಉತ್ತರವಲ್ಲ. ಆದರೆ ವರ್ಷ ವರ್ಷವೂ ಹಿಂದೊತ್ತು ಬರುತ್ತಿದ್ದರೆ ಹಳ್ಳದಲ್ಲೇ ಹೂಳು, ಜಾಲಿ ತುಂಬಿದೆ. ಚರಂಡಿ ಆಳ ಮಾಡಿದಷ್ಟೂ ಹಳ್ಳದ ನೀರಿಗೆ ಒಳಬರುವ ದಾರಿ ಸುಗಮವಾಗುತ್ತದೆ. ಚರಂಡಿಯ ತಳ ಹಳ್ಳದ ತಳಕ್ಕಿಂತ ಒಂದು ಗೇಣಾದರೂ ಮೇಲಿರಬೇಕು, ಸೇರುವ ದಿಕ್ಕು ಹಳ್ಳದ ಹರಿವಿನ ಕಡೆಗೆ ಓರೆಯಾಗಿರಬೇಕು. ಲಂಬವಾಗಿ ಗುದ್ದಿದರೆ ಎದುರು ದಡ ಕೊರೆಯುತ್ತದೆ, ಬಾಯಲ್ಲಿ ಹೂಳು ಗುಡ್ಡೆ ಬೀಳುತ್ತದೆ.

ಹಳ್ಳ ತೀರ ಕೆಳಗಿದ್ದರೆ ಇನ್ನೊಂದು ರೋಗ. ನೀರು ಧುಮುಕಿ ಬಾಯಲ್ಲಿ ಕೊರಕಲು ಹುಟ್ಟುತ್ತದೆ, ಪ್ರತಿ ಮಳೆಗೂ ಅದು ಮೇಲಕ್ಕೆ ನಡೆದು ಬರುತ್ತದೆ. ಕೊರಕಲಿನ ತುದಿಗೆ ಒಂದು ಗೂಟ ನೆಡಿ. ಎರಡು ಮಳೆಯಲ್ಲಿ ಗೂಟ ಬಿದ್ದರೆ ಅದು ಜೀವಂತವಾಗಿದೆ. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ, ದಪ್ಪ ಗಾತ್ರದವನ್ನು ಹಾಸಿ ಮೆಟ್ಟಿಲು ಕಟ್ಟಬೇಕು. ಮಣ್ಣು ತುಂಬಿ ಮುಚ್ಚಿದರೆ ಮರುದಿನವೇ ಕೊಚ್ಚಿ ಹೋಗುತ್ತದೆ.

ಊರೊಳಗಿನ ಸಿಮೆಂಟ್ ಚರಂಡಿ

ಇದಕ್ಕೆ ಬೇರೆಯೇ ಪುರಾಣ ಬರೆಯಬೇಕು, ಆದರೂ ಎರಡು ಮಾತು. ಗೋಡೆ ಒಳಕ್ಕೆ ವಾಲಿದ್ದರೆ ಹಿಂಬದಿಯ ಎರೆ ಉಬ್ಬಿ ತಳ್ಳಿದೆ. ಗೋಡೆಯಲ್ಲಿ ನೀರು ಸೋರುವ ಕಿಂಡಿಗಳಿವೆಯೇ, ಹಿಂದೆ ಎರೆಯ ಬದಲು ಗರಸು ತುಂಬಿದ್ದಾರೆಯೇ ನೋಡಿ. ಎರಡೂ ಇಲ್ಲವಾದರೆ ಮತ್ತೆ ಕಟ್ಟಿದ್ದೂ ವಾಲುತ್ತದೆ. ತಳದಲ್ಲಿ ಸದಾ ಕಪ್ಪು ಕೆಸರು ಕೂತಿದ್ದರೆ ಇಳಿಜಾರು ಸಾಲದು. ನೀರು ಸೆಕೆಂಡಿಗೆ 0.6 ಮೀಟರಾದರೂ ಓಡಿದರೆ ಮಾತ್ರ ತನ್ನ ಕಸವನ್ನು ತಾನೇ ಒಯ್ಯುತ್ತದೆ.

ಚರಂಡಿಯೇ ಕಾಣದಿದ್ದರೆ

ಕೆಲವೊಮ್ಮೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾ ಬಂದರೆ ಚರಂಡಿ ಒಂದು ಭತ್ತದ ಮಡಿಯಲ್ಲಿ ಮಾಯವಾಗುತ್ತದೆ, ನೂರು ಮೀಟರ್ ಮೇಲೆ ಮತ್ತೆ ಹುಟ್ಟುತ್ತದೆ. ಜಗಳಕ್ಕೆ ಹೋಗುವ ಮುನ್ನ ಕಾಗದ ನೋಡಿ. ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಇದೆಯೇ, ಆ ಸರ್ವೆ ನಂಬರಿನ ಪಹಣಿಯಲ್ಲಿ ಖರಾಬು (ಸಾಗುವಳಿಗೆ ಸೇರದ ಜಾಗ) ಎಷ್ಟು ತೋರಿಸಿದೆ ಎಂಬುದು ಮೊದಲು. ಹಳ್ಳ, ದಾರಿಗಳಂಥ ಸಾರ್ವಜನಿಕ ಬಳಕೆಯ ಜಾಗ ಬಿ ಖರಾಬು. ಅದನ್ನು ಉತ್ತಿದ್ದರೆ ಒತ್ತುವರಿ. ದಿಶಾಂಕ್ ಆ್ಯಪ್‌ನಲ್ಲಿ ಸ್ಥಳದಲ್ಲೇ ನಿಂತು ಸರ್ವೆ ನಂಬರು ನೋಡಬಹುದು, ಆದರೆ ಮೊಬೈಲ್ ತೋರಿಸುವ ಗಡಿ ಕೆಲವು ಮೀಟರ್ ಆಚೀಚೆ ಇರುತ್ತದೆ, ಅದನ್ನೇ ಹಿಡಿದು ಗೂಟ ಕೀಳಲು ಹೋಗಬೇಡಿ. ಸರ್ವೆಗೆ ಅರ್ಜಿ ಹಾಕಿ ಅಳತೆ ಮಾಡಿಸಿ.

ಅರ್ಜಿ ಬರೆಯುವಾಗ ಚರಂಡಿ ಯಾರ ಸುಪರ್ದಿಯದು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಮೂರು ತಿಂಗಳು ಉಳಿಯುತ್ತದೆ. ರಸ್ತೆಬದಿಯದು ರಸ್ತೆಯ ಇಲಾಖೆಗೆ, ಊರೊಳಗಿನದು ಗ್ರಾಮ ಪಂಚಾಯಿತಿಗೆ, ಅಚ್ಚುಕಟ್ಟಿನ ಬಸಿಗಾಲುವೆ ನೀರಾವರಿ ಕಡೆಗೆ. “ನೀರು ನಿಂತಿದೆ, ದಯವಿಟ್ಟು ಕ್ರಮ ಕೈಗೊಳ್ಳಿ” ಎಂದು ಬರೆದರೆ ಬಂದು ನೋಡಿ ಹೋಗುತ್ತಾರೆ. “ಇಂಥ ಸರ್ವೆ ನಂಬರಿನ ಬಂಡಿ ದಾರಿಯ ಪೈಪು ತಳಮಟ್ಟಕ್ಕಿಂತ 27 ಸೆಂ.ಮೀ. ಮೇಲಿದೆ, ಅಳತೆಯ ಪಟ್ಟಿ ಲಗತ್ತಿಸಿದೆ” ಎಂದು ಬರೆದರೆ ಎಂಜಿನಿಯರ್ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಕೆಲಸ ಏಪ್ರಿಲ್ ಮತ್ತು ಜೂನ್ ನಡುವೆ ಆಗಬೇಕು. ಕಾಲುವೆಗೆ ನೀರು ಬಿಟ್ಟ ಮೇಲೆ ಯಂತ್ರ ಇಳಿಸಿದರೆ ಮಣ್ಣು ತೆಗೆಯುವುದಕ್ಕಿಂತ ಕಲಸುವುದೇ ಹೆಚ್ಚು.

ಎಲ್ಲ ಸರಿ, ಆದರೂ ನೆಲ ಹಸಿ

ಬಾಯಿ ತೆರೆದಿದೆ, ಪೈಪು ತಳಕ್ಕಿದೆ, ಹುಲ್ಲಿಲ್ಲ, ತೂಬುಗಳು ಬಿಚ್ಚಿವೆ, ಮೇಲೆ ನೀರು ನಿಂತಿಲ್ಲ. ಆದರೂ ಬೆಳೆ ಹಳದಿ, ನೆಲ ಕಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಿಳಿ ಪದರ ಏಳುತ್ತದೆ. ಇದು ಸವಳು-ಜವಳು, ಅಂದರೆ ನೆಲದಡಿಯ ನೀರೂ ಉಪ್ಪೂ ಮೇಲೇರಿ ಕೆಟ್ಟ ನೆಲ, ಮೇಲ್ಮೈ ಚರಂಡಿಯ ಕೈ ಮೀರಿದ್ದು. ಹೊಲದ ನಡುವೆ ಎರಡು ಮೀಟರ್ ಆಳಕ್ಕೆ ತೂತು ಕೊರೆದು, ಪಕ್ಕದಲ್ಲಿ ರಂಧ್ರ ಮಾಡಿದ ಪಿವಿಸಿ ಪೈಪು ಇಳಿಸಿ, ಬಾಯಿ ಮುಚ್ಚಿ ಬಿಡಿ. ಎರೆಯಲ್ಲಿ ನೀರು ಬಂದು ಸೇರಲು ಸಮಯ ಬೇಕು, ಎರಡು ಮೂರು ದಿನ ಬಿಟ್ಟು ಹಗ್ಗಕ್ಕೆ ನಟ್ಟು ಕಟ್ಟಿ ಇಳಿಸಿ ನೀರಿನ ಮಟ್ಟ ಅಳೆಯಿರಿ. ಆಮೇಲೆ ಹದಿನೈದು ದಿನಕ್ಕೊಮ್ಮೆ, ಕಾಲುವೆ ಹರಿಯುವಾಗಲೂ ಬಂದ್ ಇರುವಾಗಲೂ ಬರೆದಿಡಿ. ಮಟ್ಟ ಒಂದೂವರೆ ಮೀಟರಿಗಿಂತ ಮೇಲೆಯೇ ಉಳಿದರೆ ಜಿನುಗು ನೀರು ಉಪ್ಪನ್ನು ಬೇರಿನವರೆಗೆ ಎತ್ತುತ್ತಿದೆ.

ಮಣ್ಣಿನ ಮಾದರಿಯನ್ನು ಬಿಳಿ ಪದರವಿರುವ ಜಾಗದಿಂದಲೂ ಇಲ್ಲದ ಜಾಗದಿಂದಲೂ ಬೇರೆ ಬೇರೆ ಚೀಲದಲ್ಲಿ ತೆಗೆದು ಪರೀಕ್ಷೆಗೆ ಕೊಡಿ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿ ಸೀಮನ್ಸ್ ದಾಟಿದರೆ ಸವಳು. ರಸಸಾರ 8.5 ಮೀರಿದ್ದು ಸೋಡಿಯಮ್ಮಿನ ಪಾಲೂ ಹೆಚ್ಚಿದ್ದರೆ ಕರಲು, ಅದಕ್ಕೆ ಜಿಪ್ಸಮ್ ಬೇಕಾಗುತ್ತದೆ. ಇಂಥ ನೆಲದ ನೀರನ್ನು ಇಳಿಸುವ ನೆಲದೊಳಗಿನ ಬಸಿ ಪೈಪಿನ ಬಗ್ಗೆ ವಿಚಾರಿಸಲು ದೂರ ಹೋಗಬೇಕಿಲ್ಲ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲೇ ಸವಳು ನೆಲದ ಮೇಲೆ ಕೆಲಸ ನಡೆಯುತ್ತದೆ. ಹೋಗುವಾಗ ಹೊಲದ ಪಿವಿಸಿ ಪೈಪಿನ ಓದುಗಳನ್ನು ಬರೆದ ನೋಟ್‌ಬುಕ್ ಮರೆಯಬೇಡಿ. ಕಾಕಾ ತಮ್ಮ ಓದುಗಳನ್ನು ಬೀಜದ ಚೀಲದ ಹಿಂಬದಿಯಲ್ಲಿ ಬರೆದಿದ್ದರು, ಕಾಕಿ ಆ ಚೀಲದಲ್ಲಿ ಮೆಣಸಿನಕಾಯಿ ಕಟ್ಟಿ ಸಂತೆಗೆ ಕಳಿಸಿಬಿಟ್ಟರು.